ಡಯಟ್ ಚಾರ್ಟ್ ಬೇಡ, ಬುತ್ತಿ ಕಟ್ಟುವುದನ್ನು ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಬಿಡುವಿಲ್ಲದವರ ಡಯಟ್ ಅಂತ ಅರ್ಧ ಪುಟ ಬಂದಿತ್ತು. ಬೆಳಿಗ್ಗೆ ಓಟ್ಸ್, ಹನ್ನೊಂದಕ್ಕೆ ನೆನೆಸಿದ ಬಾದಾಮಿ, ಮಧ್ಯಾಹ್ನ ಕಿನೋವಾ ಜೊತೆಗೆ ಬ್ರೊಕೋಲಿ, ನಾಲ್ಕಕ್ಕೆ ಗ್ರೀನ್ ಟೀ, ರಾತ್ರಿ ಸೂಪ್. ಬರೆದವರ ಉದ್ದೇಶ ಒಳ್ಳೆಯದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಓದಿ ಮುಗಿಸಿದ ಮೇಲೆ ನನಗೆ ಬೇಜಾರಾಯಿತು. ಕಲಬುರಗಿಯಲ್ಲಿ ಏಳೂವರೆ ಬಸ್ಸು ಹಿಡಿಯುವ ಹೆಣ್ಣುಮಗಳು ಇದನ್ನು ಓದಿ ಏನು ಮಾಡಬೇಕು ಹೇಳಿ? ನಮ್ಮಂಥವರಿಗೆ ಇದೆಲ್ಲ ಆಗೋದಲ್ಲ ಅಂದುಕೊಂಡು ಪೇಪರ್ ಮಡಚಿಡುತ್ತಾಳೆ. ಸಂಜೆ ಮತ್ತೆ ಮಿರ್ಚಿ ಬಜ್ಜಿ ಅಂಗಡಿ ಮುಂದೆ ನಿಲ್ಲುತ್ತಾಳೆ. ನಾನೂ ಹಾಗೆ ನಿಂತವಳೇ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಆದರೂ ದಯವಿಟ್ಟು ಪೂರ್ತಿ ಓದಿ.

ನಾನು ಸರ್ಕಾರಿ ಶಾಲೆಯ ಶಿಕ್ಷಕಿ, ವಯಸ್ಸು 43. ಮನೆ ಸೇಡಂ ರಸ್ತೆ ಕಡೆ, ಶಾಲೆ ಚಿತ್ತಾಪುರ ಕಡೆಯ ಒಂದು ಹಳ್ಳಿಯಲ್ಲಿ. ಐದಕ್ಕೆ ಏಳುತ್ತೇನೆ, ನಲ್ಲಿ ನೀರು ಬರುವ ದಿನ ಅದಕ್ಕೂ ಮೊದಲು. ಮಗಳು ಪಿಯುಸಿ, ಮಗ ಎಂಟನೇ ಕ್ಲಾಸು, ನಮ್ಮ ಮನೆಯವರದು ಶಿಫ್ಟ್ ಡ್ಯೂಟಿ, ಒಂದು ವಾರ ಹಗಲು ಇದ್ದರೆ ಇನ್ನೊಂದು ವಾರ ರಾತ್ರಿ. ಎಲ್ಲರ ಡಬ್ಬಿ ತುಂಬಿಸಿ, ಅತ್ತೆಯವರ ಬಿಪಿ ಗುಳಿಗೆ ತೆಗೆದಿಟ್ಟು, ನಾನು ಸೀರೆ ಸರಿ ಮಾಡಿಕೊಂಡು ಹೊರಗೆ ಬೀಳುವಾಗ ನನ್ನ ಹೊಟ್ಟೆಗೆ ಹೋಗಿರುತ್ತಿದ್ದದ್ದು ಒಂದು ಕಪ್ ಚಹಾ, ಎರಡು ಬಿಸ್ಕಿಟ್. ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬಡಿಸುವ ಹೊತ್ತು. ರಾಜ್ಯದಲ್ಲಿ 2002ರಲ್ಲಿ ಬಿಸಿಯೂಟ ಶುರುವಾಗಿದ್ದೇ ನಮ್ಮ ಈ ಭಾಗದ ಜಿಲ್ಲೆಗಳಲ್ಲಿ, ಅದು ನಮಗೆ ಹೆಮ್ಮೆ. ಮಕ್ಕಳು ಹೊತ್ತಿಗೆ ಸರಿಯಾಗಿ ಸಾಲಾಗಿ ಕೂತು ಉಣ್ಣುತ್ತವೆ. ಅವರ ಲೆಕ್ಕ ಬರೆದು, ತಟ್ಟೆ ತೊಳೆಸಿ ಮುಗಿಸುವಷ್ಟರಲ್ಲಿ ಮುಂದಿನ ಪೀರಿಯಡ್ ಬೆಲ್ ಹೊಡೆದಿರುತ್ತದೆ. ಮಕ್ಕಳ ಊಟ ಒಂದು ದಿನವೂ ತಪ್ಪಿಸಿದವಳಲ್ಲ ನಾನು. ನನ್ನ ಊಟ ಮಾತ್ರ ವಾರದಲ್ಲಿ ಮೂರು ದಿನ ತಪ್ಪುತ್ತಿತ್ತು. ಹಾಗೆ ತಪ್ಪುತ್ತಿದೆ ಅನ್ನುವುದೂ ನನ್ನ ಗಮನಕ್ಕೆ ಬಂದಿರಲಿಲ್ಲ.

ಗಮನಕ್ಕೆ ಬಂದದ್ದು ಸಮೀಕ್ಷೆಯ ದಿನಗಳಲ್ಲಿ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಸಾವಿರಾರು ಶಿಕ್ಷಕರಂತೆ ನಾನೂ ಮನೆ ಮನೆ ತಿರುಗಿದೆ. ಅದೇ ಹೊತ್ತಿಗೆ ಮಳೆ, ಭೀಮಾ ನದಿ ಉಕ್ಕಿ ಜಿಲ್ಲೆಯ ಎಷ್ಟೋ ಹಳ್ಳಿಗೆ ನೀರು ನುಗ್ಗಿದ ದಿನಗಳು ಅವು. ನಮ್ಮ ಮಂದಿಯ ಸ್ವಭಾವ ನಿಮಗೆ ಗೊತ್ತಿದೆ. ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುವುದಿಲ್ಲ. ಬಡವರ ಮನೆ, ಗೋಡೆ ನೆನೆದು ಕೂತಿದೆ, ಆದರೂ ಆ ತಾಯಿ ಒಲೆ ಹಚ್ಚಿ, ಸಕ್ಕರೆ ಜಾಸ್ತಿ ಹಾಕಿ ಚಹಾ ತಂದು ಮುಂದೆ ಇಟ್ಟರೆ ಬೇಡ ಅನ್ನಲು ಬಾಯಿ ಹೇಗೆ ಬರುತ್ತದೆ? ಕುಡಿಯುತ್ತಿದ್ದೆ. ಮುಂದಿನ ಮನೆಯಲ್ಲಿ ಮತ್ತೆ. ದಿನಕ್ಕೆ ಏಳೆಂಟು ಕಪ್ ಆಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಅಂತ ಕೂರುವ ಜಾಗ ಇಲ್ಲ, ಹೊತ್ತೂ ಇಲ್ಲ. ಚಹಾ ಕುಡಿದದ್ದರಿಂದ ಹಸಿವು ಸತ್ತಂತೆ ಇರುತ್ತಿತ್ತು. ನಾಲ್ಕು ಗಂಟೆಗೆ ಮಾತ್ರ ಒಮ್ಮೆಲೆ ಕೈ ನಡುಗಿ, ಕಣ್ಣಿಗೆ ಕತ್ತಲೆ ಬಂದ ಹಾಗಾಗಿ, ಮೂಲೆಯ ಅಂಗಡಿಯ ಬಿಸಿ ಬಿಸಿ ಮಿರ್ಚಿ ಬಜ್ಜಿ, ಚುರಮುರಿ ಕಂಡರೆ ಕಾಲು ತಾನೇ ಆ ಕಡೆ ಹೋಗುತ್ತಿತ್ತು. ನಾಲ್ಕು ಬಜ್ಜಿ ಒಂದೇ ಉಸಿರಿಗೆ. ಮನೆಗೆ ಬಂದು ರಾತ್ರಿ ಹತ್ತಕ್ಕೆ ಅನ್ನ ಸಾರು, ಅದೂ ಬೆಳಗಿನಿಂದ ಉಂಡಿಲ್ಲ ಅಂತ ಎರಡು ಪಾಲು.

ದಸರಾ ಮುಗಿದ ಮೇಲೆ ಯಾಕೋ ಸುಸ್ತು ಜಾಸ್ತಿ ಆಗಿದೆ ಅಂತ ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯ ಶುಗರ್ 114. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ 6.1. ಹಿಮೋಗ್ಲೋಬಿನ್ ಹತ್ತೂವರೆ, ಅದೂ ಕಡಿಮೆಯೇ. ಡಾಕ್ಟರು ಬಿಡಿಸಿ ಹೇಳಿದರು. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಬಂದರೆ, ಆ ಇನ್ನೊಂದು ಪರೀಕ್ಷೆಯಲ್ಲಿ 5.7ರಿಂದ 6.4 ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲ ಮೇಲೆ ನಿಂತಿದ್ದೀರಿ ಅಂತ ಅರ್ಥ, ಈಗ ಎಚ್ಚೆತ್ತರೆ ಹಿಂದೆ ಬರಬಹುದು ಅಂದರು. ಊಟದ ಜೊತೆಗೇ ಚಹಾ ಕುಡಿದರೆ ಕಾಳು ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂತಲೂ ಹೇಳಿದರು. ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದರೆ ಸುಮಾರು 8 ಗ್ರಾಂ, ಎಂಟು ಕಪ್ಪಿಗೆ 64 ಗ್ರಾಂ. ದಿನಕ್ಕೆ 50 ಗ್ರಾಂ ದಾಟಬಾರದು, 25ರ ಒಳಗೆ ಇದ್ದರೆ ಇನ್ನೂ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಲೆಕ್ಕ. ನಾನು ಒಂದು ತುಣುಕು ಸಿಹಿತಿಂಡಿ ಮುಟ್ಟದೆ ಇಷ್ಟು ಸಕ್ಕರೆ ತಿಂದಿದ್ದೆ.

ಆ ದಿನ ರಿಪೋರ್ಟ್ ಹಿಡಿದು ಅಡಿಗೆಮನೆಯಲ್ಲಿ ಕೂತಿದ್ದೆ. ನಮ್ಮ ಅತ್ತೆ ಆಳಂದ ಕಡೆಯ ಹಳ್ಳಿಯವರು, 70 ದಾಟಿದ್ದಾರೆ, ಓದು ಬರಹ ಇಲ್ಲ. ಏನಾತು ಅಂತ ಕೇಳಿದರು, ಹೇಳಿದೆ. ಸುಮ್ಮನೆ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಮನಿ ಮಂದಿಗೆಲ್ಲ ಕಟ್ಟಿ ಕಳಸ್ತಿಯವ್ವಾ, ನಿನ್ನ ಬುತ್ತಿ ಎಲ್ಲಿ ಅದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ನಾವು ರಾಶಿ ದಿನದಾಗ ಹೊತ್ತು ಹುಟ್ಟೂಕಿಂತ ಮುಂಚಿ ಹೊಲಕ್ಕ ಹೋಗ್ತಿದ್ವಿ. ಅಲ್ಲಿ ಯಾವ ಹೋಟೆಲ್ ಇತ್ತು? ಕೈಯಾಗ ಬುತ್ತಿ ಇದ್ರ ಕಣ್ಣು ಅಂಗಡಿ ಕಡಿ ಹೋಗಂಗಿಲ್ಲ ತಂಗಿ" ಅಂದರು. ಮಾರನೇ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರೇ ಎದ್ದು ಕೂತಿದ್ದರು.

ಅವರು ಬುತ್ತಿ ಕಟ್ಟುವುದನ್ನು ನಾನು ನೋಡುತ್ತಾ ನಿಂತೆ. ಹಳೆಯ ಧೋತರ ಹರಿದು ಮಾಡಿದ ಬಿಳಿ ಬಟ್ಟೆ, ತೊಳೆದು ತೊಳೆದು ಮೆತ್ತಗಾಗಿದೆ. ಅದನ್ನು ಹಾಸಿ ಮೂರು ಜೋಳದ ಕಡಕ್ ರೊಟ್ಟಿ ಇಟ್ಟರು. ಮಧ್ಯಕ್ಕೆ ಮುರಿದು ಒಂದರ ಮೇಲೊಂದು ಜೋಡಿಸಿದರು, ಇಲ್ಲವಾದರೆ ಬಸ್ಸಿನ ನೂಕುನುಗ್ಗಲಲ್ಲಿ ಪುಡಿ ಆಗುತ್ತವೆ. ಒಂದು ಸಣ್ಣ ಡಬ್ಬಿಗೆ ಹಿಂದಿನ ರಾತ್ರಿಯ ಹೆಸರುಕಾಳಿನ ಪಲ್ಲೆ, ನೀರಿಲ್ಲದ ಹಾಗೆ ಬತ್ತಿಸಿದ್ದು. ಇನ್ನೊಂದು ಗಿಂಡಿಯಷ್ಟೇ ಡಬ್ಬಿಗೆ ಗಟ್ಟಿ ಮೊಸರು. ಶೇಂಗಾ ಹಿಂಡಿಯನ್ನು, ಅಂದರೆ ಶೇಂಗಾ ಚಟ್ನಿಪುಡಿಯನ್ನು, ಕಾಗದದಲ್ಲಿ ಅಲ್ಲ, ಒಂದು ತುಂಡು ಬಾಳೆಲೆಯಲ್ಲಿ ಮಡಚಿದರು. ಒಂದು ಉಳ್ಳಾಗಡ್ಡಿ, ಒಂದು ಎಳೆ ಸವತೆಕಾಯಿ, ಹೆಚ್ಚಲಿಲ್ಲ, ಇಡೀದಾಗಿಯೇ ಇಟ್ಟರು. ಹೆಚ್ಚಿದರೆ ನೀರು ಬಿಡುತ್ತದೆ, ಹಲ್ಲು ಇವೆಯಲ್ಲ ಕಡಿದು ತಿನ್ನು ಅಂದರು. ನಾಲ್ಕು ತುದಿ ಎತ್ತಿ ಎರಡು ಗಂಟು ಹಾಕಿದರು. ಪೂರ್ತಿ ಐದು ನಿಮಿಷ ಕೂಡ ಆಗಲಿಲ್ಲ. ಒಲೆ ಹಚ್ಚಲಿಲ್ಲ.

ಆ ಗಂಟು ಕೈಯಲ್ಲಿ ಹಿಡಿದಾಗ ನನಗೆ ಹೊಳೆದದ್ದು ಇದು. ನಮ್ಮ ಭಾಗದ ಊಟ ಮೊದಲಿನಿಂದಲೂ ಬಿಡುವಿಲ್ಲದವರ ಊಟವೇ. ಬಿತ್ತನೆ, ಕಳೆ, ರಾಶಿ, ಇವುಗಳ ನಡುವೆ ಅಡಿಗೆ ಮಾಡಿಕೊಂಡು ಕೂರಲು ಯಾರಿಗೂ ಪುರಸೊತ್ತು ಇರಲಿಲ್ಲ. ಅದಕ್ಕೇ ಕಡಕ್ ರೊಟ್ಟಿ ಹುಟ್ಟಿದ್ದು, ಹಿಂಡಿ ಹುಟ್ಟಿದ್ದು. ರೊಟ್ಟಿಯಲ್ಲಿರುವ ನೀರಿನ ಪಸೆ ಪೂರ್ತಿ ಆರಿಸಿಬಿಟ್ಟರೆ ಬೂಷ್ಟು ಹಿಡಿಯುವುದಿಲ್ಲ, ತಿಂಗಳುಗಟ್ಟಲೆ ಇರುತ್ತದೆ. ಫ್ರಿಜ್ ಬೇಡ, ಮೈಕ್ರೋವೇವ್ ಬೇಡ. ಪ್ಯಾಕೆಟ್ ಬಿಸ್ಕಿಟ್ ಕೊಡುವ ಅನುಕೂಲವನ್ನೇ ರೊಟ್ಟಿಯೂ ಕೊಡುತ್ತದೆ, ಮೈದಾ ಇಲ್ಲ, ಸಕ್ಕರೆ ಇಲ್ಲ, ಎಣ್ಣೆ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯ ಪ್ರಕಾರ 100 ಗ್ರಾಂ ಜೋಳದಲ್ಲಿ ನಾರಿನಂಶ 10 ಗ್ರಾಂ ಆಸುಪಾಸು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಅದಕ್ಕೇ ರೊಟ್ಟಿ ಉಂಡ ದಿನ ನಾಲ್ಕು ಗಂಟೆಗೆ ಕೈ ನಡುಗುವುದಿಲ್ಲ. ಜೊತೆಗೆ ಕಾಳು, ಶೇಂಗಾ, ಮೊಸರು ಸೇರಿದರೆ ಪ್ರೋಟೀನ್ ಕೂಡ ಬಂತು. ತೊಗರಿಬೇಳೆಯ 100 ಗ್ರಾಮಿನಲ್ಲಿ 20 ಗ್ರಾಂ ಮೇಲೆ ಪ್ರೋಟೀನ್ ಇದೆ. ನಮ್ಮ ಜಿಲ್ಲೆ ತೊಗರಿಯ ಕಣಜ, 2019ರಲ್ಲಿ ನಮ್ಮ ತೊಗರಿಗೆ ಈ ನೆಲದ ಬೆಳೆ ಅಂತ ಗುರುತಿಸುವ ಜಿಐ ಟ್ಯಾಗ್ ಸಿಕ್ಕಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿದಾಗ ನಮ್ಮ ಜೋಳವೂ ಅದರಲ್ಲಿ ಸೇರಿತ್ತು. ಇಷ್ಟೆಲ್ಲ ಮನೆಯಲ್ಲಿ ಇಟ್ಟುಕೊಂಡು ನಮ್ಮ ಪುರವಣಿಯ ಪುಟದಲ್ಲಿ ಕಿನೋವಾ ಯಾಕೆ ಬರಬೇಕು? ಅದನ್ನು ನಾನು ಈ ಊರಿನ ಯಾರ ಮನೆಯ ಡಬ್ಬಿಯಲ್ಲೂ ಕಂಡಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಳೆಯ ಊಟವೇ ಚೆಂದ, ಹಿರಿಯರು ಹೇಳಿದಂತೆ ಮಾಡಿ ಅಂತ ಉಪದೇಶ ಮಾಡುವವರು ಒಂದು ವಿಷಯ ಮರೆಯುತ್ತಾರೆ. ಆ ಊಟ ಯಾರ ಕೈಯಿಂದ ಬರುತ್ತಿತ್ತು? ರೊಟ್ಟಿ ಬಡಿಯುವುದು ಸುಲಭ ಅಲ್ಲ. ಜೋಳಕ್ಕೆ ಗೋಧಿಯ ಹಾಗೆ ಅಂಟು ಇಲ್ಲ, ಕುದಿಯುವ ಎಸರು ಹಾಕಿ ನಾದಬೇಕು, ಹಿಟ್ಟು ಹಳೆಯದಾದರೆ ರೊಟ್ಟಿ ಹರಿಯುತ್ತದೆ. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲು 42, 43 ಡಿಗ್ರಿ. ಆ ಬಿಸಿಲಿಗೆ ಸರ್ಕಾರಿ ಕಚೇರಿಗಳೇ ನಮ್ಮಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ. ಒಲೆ ಮುಂದೆ ಕೂತು ಇಪ್ಪತ್ತು ರೊಟ್ಟಿ ಬಡಿಯುವ ಹೆಂಗಸಿಗೆ ಮಾತ್ರ ಯಾರೂ ಹೊತ್ತು ಬದಲಿಸಿ ಕೊಡುವುದಿಲ್ಲ. ಆರೋಗ್ಯದ ಊಟ ಅನ್ನುವ ಭಾರವನ್ನೂ ಅವಳ ಹೆಗಲಿಗೇ ಏರಿಸಿದರೆ ಅದು ನಾಲ್ಕು ದಿನವೂ ನಡೆಯುವುದಿಲ್ಲ. ನಡೆಯಲೂ ಬಾರದು.

ಹಾಗಾಗಿ ನಮ್ಮ ಮನೆಯಲ್ಲಿ ಕೂತು ಮಾತಾಡಿದೆವು. ದಿನಾ ರೊಟ್ಟಿ ಬಡಿಯುವುದನ್ನು ನಾನು ಬಿಟ್ಟೆ. ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಒಬ್ಬ ತಾಯಿ ಇದ್ದಾರೆ, ಹದಿನೈದು ದಿನಕ್ಕೊಮ್ಮೆ ಅವರ ಹತ್ತಿರ ನಲವತ್ತು ಕಡಕ್ ರೊಟ್ಟಿ ತರುತ್ತೇವೆ. ಮನೆಯಲ್ಲಿ ಹೆಂಗಸು ಇದ್ದೂ ರೊಟ್ಟಿ ಕೊಂಡು ತರುತ್ತಾರೆ ಅಂತ ಒಬ್ಬಿಬ್ಬರು ಆಡಿಕೊಂಡರು. ಆಡಿಕೊಳ್ಳಲಿ. ಒಂದು ದಿನದ ಬುತ್ತಿಯ ರೊಟ್ಟಿಗೆ ಕೊಡುವ ದುಡ್ಡು ಒಂದು ಪ್ಲೇಟ್ ಬಜ್ಜಿ, ಒಂದು ಚಹಾದ ದುಡ್ಡಿಗಿಂತ ಜಾಸ್ತಿ ಆಗುವುದಿಲ್ಲ, ಮತ್ತು ಅದು ಇನ್ನೊಬ್ಬ ಹೆಣ್ಣುಮಗಳ ಮನೆ ನಡೆಸುತ್ತದೆ. ನಮ್ಮ ಜಿಲ್ಲೆಯ ಮಹಿಳಾ ಸಂಘಗಳು ಮಾಡುವ ಕಲಬುರಗಿ ರೊಟ್ಟಿಗೆ ಈಗ ಹೆಸರೂ ಬಂದಿದೆ, 2025ರಲ್ಲಿ ಪ್ರಧಾನಿಯವರ ಮನ್ ಕಿ ಬಾತ್ ಕಾರ್ಯಕ್ರಮದಲ್ಲೂ ಇವರ ಕೆಲಸದ ಪ್ರಸ್ತಾಪ ಆಯಿತು. ಹೊರಗಿನವರು ಆನ್‌ಲೈನಿನಲ್ಲಿ ತರಿಸಿಕೊಂಡು ತಿನ್ನುವ ರೊಟ್ಟಿಯನ್ನು ನಾವು ಕೊಂಡು ತಂದರೆ ಅದರಲ್ಲಿ ನಾಚಿಕೆ ಏನು ಬಂತು?

ಉಳಿದ ಕೆಲಸ ಹಂಚಿಕೊಂಡೆವು. ಭಾನುವಾರ ಬೆಳಿಗ್ಗೆ ನಮ್ಮ ಮನೆಯವರು, ಮಗ ಇಬ್ಬರೂ ಕಣ್ಣಿ ಮಾರ್ಕೆಟ್‌ಗೆ ಹೋಗಿ ವಾರದ ತರಕಾರಿ ತರುತ್ತಾರೆ. ಮೊದಲ ವಾರ ಬರೀ ಆಲೂಗಡ್ಡೆ, ಬದನೆಕಾಯಿ ತಂದಿದ್ದರು. ಈಗ ಮಗನೇ ಮೆಂತೆ, ರಾಜಗಿರಿ, ಪುಂಡಿ ಸೊಪ್ಪು ನೋಡಿ ಆರಿಸುತ್ತಾನೆ. ಸೊಪ್ಪು ಸೋಸುವುದು ಎಲ್ಲಕ್ಕಿಂತ ದೊಡ್ಡ ಕೆಲಸ, ಸೊಪ್ಪು ತಂದು ಕೊಳೆಯಲು ಬಿಡುವುದೂ ಅದಕ್ಕೇ. ಅದನ್ನು ಭಾನುವಾರ ಮಧ್ಯಾಹ್ನ ಟಿವಿ ಮುಂದೆ ಎಲ್ಲರೂ ಕೂತು ಮುಗಿಸುತ್ತೇವೆ. ಸೋಸಿದ ಸೊಪ್ಪನ್ನು ತೊಳೆಯಬಾರದು, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿಗೆ ಇಡಬೇಕು, ಅಡಿಗೆ ಮಾಡುವ ಮೊದಲು ತೊಳೆದರೆ ಸಾಕು. ಹಾಗೆ ಇಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಹಿಂಡಿ ಅತ್ತೆಯವರ ಕೆಲಸ, ಅದನ್ನು ಅವರು ಬಿಟ್ಟುಕೊಡುವುದಿಲ್ಲ. ಶೇಂಗಾ ಒಂದು ಡಬ್ಬಿ, ಅಗಸಿ ಒಂದು ಡಬ್ಬಿ, ಗುರೆಳ್ಳು ಒಂದು. ಬುತ್ತಿ ಕಟ್ಟುವುದು ಈಗ ಅವರವರದ್ದೇ. ಮಗಳು ತನ್ನದನ್ನು ತಾನೇ ಕಟ್ಟಿಕೊಳ್ಳುತ್ತಾಳೆ. ನಾನೂ ನನ್ನದನ್ನು.

ಈಗ ನಿಜವಾಗಿಯೂ ಉಸಿರಾಡಲು ಪುರಸೊತ್ತು ಇಲ್ಲದ ವಾರಗಳ ಮಾತು. ಪರೀಕ್ಷೆ, ಮೌಲ್ಯಮಾಪನ, ಮನೆಯಲ್ಲಿ ಒಬ್ಬರಿಗೆ ಜ್ವರ, ನೆಂಟರ ಮದುವೆ, ಎಲ್ಲ ಒಟ್ಟಿಗೇ ಬರುತ್ತವೆ, ಅಲ್ವಾ? ಅಂಥ ವಾರಗಳಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಪತ್ರಿಕೆಗಳು ಬರೆಯುತ್ತವೆ. ನನ್ನ ಅನುಭವದಲ್ಲಿ ಮನಸ್ಸಿನಿಂದ ಏನೂ ಆಗುವುದಿಲ್ಲ, ಹಸಿದವರ ಮನಸ್ಸು ಗಟ್ಟಿ ಇರುವುದೂ ಇಲ್ಲ. ಅಡಿಗೆಮನೆಯ ಅಟ್ಟದ ಮೇಲೆ ಏನಿದೆ ಅನ್ನುವುದೇ ಎಲ್ಲ ತೀರ್ಮಾನ ಮಾಡುತ್ತದೆ. ರೊಟ್ಟಿ, ಹಿಂಡಿ, ಕಡಲೆ ಹಿಟ್ಟು, ತೊಗರಿಬೇಳೆ, ಹೆಸರುಕಾಳು, ಮಡಕಿಕಾಳು, ಹೆಪ್ಪು ಹಾಕಿದ ಮೊಸರು, ಉಳ್ಳಾಗಡ್ಡಿ. ಇಷ್ಟು ಇದ್ದರೆ ಹದಿನೈದು ನಿಮಿಷದೊಳಗೆ ಊಟ ಆಗುತ್ತದೆ.

ಝುಣಕ ನೋಡಿ. ಉಳ್ಳಾಗಡ್ಡಿ ಹೆಚ್ಚಿ ಒಗ್ಗರಣೆಗೆ ಹಾಕಿ, ಕಡಲೆ ಹಿಟ್ಟನ್ನು ನೀರಲ್ಲಿ ಕಲಸಿ ಹೊಯ್ದು ಗಂಟಾಗದಂತೆ ತಿರುವಿದರೆ ಹತ್ತೇ ನಿಮಿಷ. ಅದಕ್ಕೇ ಒಂದು ಹಿಡಿ ಮೆಂತೆ ಸೊಪ್ಪು ಹಾಕಿದರೆ ಇನ್ನೂ ಒಳ್ಳೆಯದು. ತೊಗರಿಬೇಳೆಯನ್ನು ಎರಡು ದಿನಕ್ಕಾಗುವಷ್ಟು ಒಮ್ಮೆಗೇ ಕುಕ್ಕರಿನಲ್ಲಿ ಬೇಯಿಸಿ ಉಪ್ಪು ಖಾರ ಹಾಕದೆ ತೆಗೆದಿಡುತ್ತೇನೆ. ಮೊದಲ ದಿನ ಪುಂಡಿ ಪಲ್ಲೆಗೆ ಅರ್ಧ, ಮರುದಿನ ಟೊಮೆಟೊ ಬೇಳೆಗೆ ಅರ್ಧ. ಮಡಕಿಕಾಳು ರಾತ್ರಿ ನೆನೆಹಾಕಿ ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿ ಇಟ್ಟು ಹೋದರೆ ನಾವು ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಮೊಳಕೆ ಬಂದಿರುತ್ತದೆ. ಬಿಸಿ ರೊಟ್ಟಿ ಉಳಿದಿದ್ದರೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಒಂದು ಚಮಚ ಎಣ್ಣೆ ಹಾಕಿ ಕುಟ್ಟಿ ಮುಟಗಿ ಮಾಡಿದರೆ ನಿಂತುಕೊಂಡೇ ತಿನ್ನಬಹುದು, ಬಿಸ್ಕಿಟ್‌ಗಿಂತ ಸಾವಿರ ಪಾಲು ಮೇಲು. ಬೇಸಿಗೆಯಲ್ಲಿ ಏನೂ ಬೇಡ ಅನಿಸಿದಾಗ ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ ಬಾಟಲಿಗೆ ಹಾಕಿಕೊಂಡು ಹೋಗುತ್ತೇನೆ. ಬಸ್ಸಿನಲ್ಲಿ ಪಕ್ಕದವರು ಏನದು ಅಂತ ಕೇಳಿ, ತಮ್ಮ ಅವ್ವ ಮಾಡುತ್ತಿದ್ದ ಅಂಬಲಿ ನೆನೆಸಿಕೊಂಡದ್ದೂ ಇದೆ.

ಮತ್ತೆ, ತಪ್ಪಿದ ದಿನದ ಬಗ್ಗೆ. ಮದುವೆಗೆ ಹೋದರೆ ಬುಂದಿ ಲಾಡು ತಿನ್ನುತ್ತೇನೆ. ಶರಣಬಸವೇಶ್ವರ ಜಾತ್ರೆಗೆ ಹೋದಾಗ ಮಕ್ಕಳ ಜೊತೆ ಬಜ್ಜಿ ತಿಂದೆ, ಗೆಳತಿ ಮನೆಯ ಈದ್ ಊಟ ಬಿಡುವ ಪ್ರಶ್ನೆಯೇ ಇಲ್ಲ. ಇದರಿಂದ ಏನೂ ಕೆಡುವುದಿಲ್ಲ. ಕೆಡುವುದು ಯಾವಾಗ ಅಂದರೆ, ಒಂದು ದಿನ ತಪ್ಪಿತು, ಇನ್ನು ಮುಂದಿನ ತಿಂಗಳು ಒಂದನೇ ತಾರೀಖಿನಿಂದ ನೋಡೋಣ ಅಂದುಕೊಂಡಾಗ. ಹಾಗೆ ಮುಂದಕ್ಕೆ ಹಾಕಿಯೇ ನಾನು ಮೂರು ವರ್ಷ ಕಳೆದೆ. ಈಗ ರಾತ್ರಿ ಹಬ್ಬದ ಊಟ ಉಂಡಿದ್ದರೂ ಬೆಳಿಗ್ಗೆ ಬುತ್ತಿ ಕಟ್ಟುತ್ತೇನೆ.

ಎರಡು ಎಚ್ಚರಿಕೆ ಕೂಡ ಹೇಳಬೇಕು, ಇಲ್ಲದಿದ್ದರೆ ನಾನೂ ಅರ್ಧ ಮಾತು ಹೇಳಿದಂತಾಗುತ್ತದೆ. ರೊಟ್ಟಿ ಒಳ್ಳೆಯದು ಅಂತ ಆರು ರೊಟ್ಟಿ ತಿಂದರೆ ಶುಗರ್ ಏರಿಯೇ ಏರುತ್ತದೆ. ಜೋಳವೂ ಧಾನ್ಯವೇ, ತಟ್ಟೆಯಲ್ಲಿ ಅರ್ಧದಷ್ಟು ಪಲ್ಲೆ, ಹಸಿ ತರಕಾರಿ ಇರಬೇಕು. ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಕೊಟ್ಟ ಸಲಹೆಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಅಂತ ಇದೆ. ನಮ್ಮಲ್ಲಿ ಎಷ್ಟು ಮನೆಯಲ್ಲಿ ಅಷ್ಟು ತರಕಾರಿ ತಿನ್ನುತ್ತಾರೆ? ನಮ್ಮ ಮನೆಯಲ್ಲಿ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಇನ್ನೊಂದು ಉಪ್ಪು. ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಎಲ್ಲದರಲ್ಲೂ ಉಪ್ಪೇ. ದಿನಕ್ಕೆ 5 ಗ್ರಾಂ ಅಂದರೆ ಒಂದು ಸಣ್ಣ ಚಮಚ ಉಪ್ಪು, ಅದರೊಳಗೇ ಎಲ್ಲ ಮುಗಿಯಬೇಕು ಅನ್ನುತ್ತಾರೆ. ಅತ್ತೆಯವರಿಗೆ ಬಿಪಿ ಇರುವುದರಿಂದ ಈಗ ಹಿಂಡಿಗೆ ಉಪ್ಪು ಅರ್ಧ ಮಾಡಿದ್ದೇವೆ. ಮೊದಲ ಎರಡು ವಾರ ಯಾರಿಗೂ ಹಿಡಿಸಲಿಲ್ಲ, ಆಮೇಲೆ ನಾಲಿಗೆ ಒಗ್ಗಿಕೊಂಡಿತು. ಶುಗರ್ ಗುಳಿಗೆ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು ನನ್ನ ಮಾತು ಕೇಳಿ ಊಟ ಬದಲಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆ. 6.1 ಇದ್ದದ್ದು 5.8ಕ್ಕೆ ಬಂದಿದೆ. ಹೊಸ್ತಿಲಿನಿಂದ ಇನ್ನೂ ಪೂರ್ತಿ ಕೆಳಗೆ ಇಳಿದಿಲ್ಲ, ಆದರೆ ಹೆಜ್ಜೆ ಹಿಂದಕ್ಕೆ ಬರುತ್ತಿದೆ. ಹಿಮೋಗ್ಲೋಬಿನ್ ಹನ್ನೊಂದೂವರೆ, ಅದಕ್ಕೆ ಡಾಕ್ಟರು ಕೊಟ್ಟ ಗುಳಿಗೆಯೂ ಕಾರಣ. ಚಹಾ ಈಗ ದಿನಕ್ಕೆ ಎರಡೇ, ಊಟವಾಗಿ ಒಂದು ತಾಸಾದ ಮೇಲೆ. ಯಾರ ಮನೆಗಾದರೂ ಹೋದರೆ "ಅಕ್ಕಾ, ನನಗ ಚಹಾ ಬ್ಯಾಡ, ಒಂದು ಗ್ಲಾಸ್ ಮಜ್ಜಿಗಿ ಕೊಡ್ರಿ" ಅನ್ನುತ್ತೇನೆ. ಯಾರೂ ಬೇಸರ ಮಾಡಿಕೊಂಡಿಲ್ಲ, ಸಂತೋಷದಿಂದಲೇ ಕೊಡುತ್ತಾರೆ. ಇಷ್ಟು ಸಣ್ಣ ಮಾತು ಮೊದಲೇ ಬಾಯಿಗೆ ಬಂದಿದ್ದರೆ ಅನಿಸುತ್ತದೆ.

ಎಲ್ಲವೂ ಮನೆಯೊಳಗೆ ಸರಿ ಆಗುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೋದವರಿಗೆ ಬಿಚ್ಚಿ ಉಣ್ಣಲು ಒಂದು ಜಾಗ ಬೇಕು. ಬಸ್ ನಿಲ್ದಾಣಗಳಲ್ಲಿ, ಕಚೇರಿಗಳಲ್ಲಿ ಹೆಣ್ಣುಮಕ್ಕಳು ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿಕೊಂಡು ಎರಡು ತುತ್ತು ನುಂಗುವುದನ್ನು ನಾನು ದಿನಾ ನೋಡುತ್ತೇನೆ. ಕೈ ತೊಳೆಯಲು ನಲ್ಲಿ, ಕುಡಿಯಲು ತಣ್ಣನೆಯ ನೀರು, ನೆರಳಲ್ಲಿ ಒಂದು ಬೆಂಚು. ಇದು ದೊಡ್ಡ ಖರ್ಚಿನ ಕೆಲಸ ಅಲ್ಲ. ನಾನು ಹೋದ ತರಬೇತಿಗಳಲ್ಲಿ, ಸಭೆಗಳಲ್ಲಿ ಚಹಾ ಬಿಸ್ಕಿಟ್ ಬದಲು ಒಂದು ಪೇರಲ ಹಣ್ಣು, ಒಂದು ಹಿಡಿ ಹುರಿದ ಶೇಂಗಾ ಕೊಟ್ಟದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಕೊಟ್ಟರೆ ಯಾರು ಬೇಡ ಅನ್ನುತ್ತಾರೆ? ಎಲ್ಲಕ್ಕಿಂತ ಮುಖ್ಯ, ಕೆಲಸ ಕೊಡುವವರು ಯಾರೇ ಇರಲಿ, ಮಧ್ಯಾಹ್ನ ಅರ್ಧ ಗಂಟೆ ಊಟಕ್ಕೆ ಅಂತ ಬಿಡಬೇಕು, ಆ ಅರ್ಧ ಗಂಟೆಯಲ್ಲಿ ಫೋನ್ ಮಾಡಬಾರದು. ಅಂಗಡಿಯಲ್ಲಿ ನಿಂತು ಕೆಲಸ ಮಾಡುವ ಹುಡುಗಿಯರು, ಡೆಲಿವರಿ ಹುಡುಗರು, ಆಸ್ಪತ್ರೆಯ ನರ್ಸುಗಳು, ಇವರೆಲ್ಲರ ಪರವಾಗಿ ಈ ಮಾತು ಕೇಳುತ್ತಿದ್ದೇನೆ. ನನ್ನದು ಸರ್ಕಾರಿ ನೌಕರಿ, ಕೇಳುವ ಧೈರ್ಯ ನನಗಿದೆ. ಅವರಿಗೆ ಅದೂ ಇಲ್ಲ.

ಇನ್ನು ನಿಮ್ಮ ಪುಟಕ್ಕೆ ಬರುತ್ತೇನೆ. ಕಲಬುರಗಿ, ಬೀದರ್, ಯಾದಗಿರಿಯ ಓದುಗರಿಗೆ ವಾರಕ್ಕೊಮ್ಮೆ ನಮ್ಮದೇ ಊಟದ ಒಂದು ಅಂಕಣ ಕೊಡಿ. ಯಾವ ತಿಂಗಳು ಯಾವ ಸೊಪ್ಪು ಅಗ್ಗ, ಯಾವ ಕಾಳು ಎಷ್ಟು ಹೊತ್ತು ನೆನೆಯಬೇಕು, ಶಿಫ್ಟ್ ಕೆಲಸದವರು ರಾತ್ರಿ ಏನು ಒಯ್ಯಬೇಕು, ಇಂಥದ್ದು. ಓಣಿಯ ರೊಟ್ಟಿ ಮಾಡುವ ತಾಯಂದಿರನ್ನು ಮಾತಾಡಿಸಿ. ಪೋಷಣೆಯ ವಿಷಯ ಓದಿದವರನ್ನೂ ಕರೆಯಿರಿ, ಆದರೆ ನಮ್ಮ ತಟ್ಟೆ ನೋಡಿ ಮಾತಾಡಲು ಹೇಳಿ. ಎಳ್ಳಮಾವಾಸ್ಯೆ ಹೊತ್ತಿಗೆ ಶುರು ಮಾಡಿದರೆ ತುಂಬಾ ಚೆನ್ನ. ಆಗ ಹೊಲದಲ್ಲಿ ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತೆ ಎಲ್ಲ ಇರುತ್ತವೆ, ಇವೆಲ್ಲ ಕೂಡಿಸಿ ಮಾಡುವ ಆ ಭಜ್ಜಿ ಪಲ್ಲೆ, ಸಜ್ಜೆ ರೊಟ್ಟಿ ತಿಂದವರಿಗೆ ಬೇರೆ ಯಾವ ಡಯಟ್ ಬಗ್ಗೆಯೂ ಹೇಳುವ ಅಗತ್ಯ ಬೀಳುವುದಿಲ್ಲ.

ಮೊದಲ ವಾರಕ್ಕೆ ಪುಂಡಿ ಪಲ್ಲೆ ಹಾಕಿ. ಜೋಳದ ನುಚ್ಚು ಹಾಕಿ ಮಾಡುವ ವಿಧಾನ ನಮ್ಮ ಅತ್ತೆಯವರಿಗೆ ಗೊತ್ತು. ಅವರು ಹೇಳುತ್ತಾರೆ, ನಾನು ಬರೆದು ಕಳಿಸುತ್ತೇನೆ.

ನಿಮ್ಮ ಓದುಗರಲ್ಲಿ ಒಬ್ಬಳು,
ಒಬ್ಬ ಶಿಕ್ಷಕಿ, ಕಲಬುರಗಿ